ಊಟದ ಬೆನ್ನಿಗೇ ಚಹಾ ಬೇಡ

ಪ್ರಶ್ನೆ: ನನ್ನ ತಾಯಿಯವರಿಗೆ ರಕ್ತಹೀನತೆಯಿದ್ದು, ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟಿದ್ದಾರೆ. ಅವರು ಊಟ ಮುಗಿಸಿ ಕೈ ತೊಳೆದ ಕೂಡಲೇ ಒಂದು ಲೋಟ ಚಹಾ ಕುಡಿಯುತ್ತಾರೆ. ಬೇಡವೆಂದರೆ, ಚಹಾ ಮೂಲತಃ ಔಷಧಿಯೇ ಎನ್ನುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ತಾಯಿಯವರ ಮಾತಿನಲ್ಲಿ ಸತ್ಯವಿದೆ. ಚೀನಾದಲ್ಲಿ ಚಹಾ ಎಲೆಯನ್ನು ಬಹುಕಾಲ ಔಷಧಿಯಾಗಿಯೂ ಬಳಸುತ್ತಿದ್ದು, 7ರಿಂದ 10ನೇ ಶತಮಾನದ ಆರಂಭದವರೆಗಿನ ತಾಂಗ್ ಅರಸರ ಕಾಲದಲ್ಲಿ ಅದು ಜನಸಾಮಾನ್ಯರ ನಿತ್ಯದ ಪಾನೀಯವಾಯಿತು. ನಮ್ಮ ಅಸ್ಸಾಮಿನ ಸಿಂಗ್‌ಫೋ ಜನರೂ, 1823ರಲ್ಲಿ ಸ್ಕಾಟ್ಲೆಂಡಿನ ವ್ಯಾಪಾರಿ ರಾಬರ್ಟ್ ಬ್ರೂಸ್ ಅಲ್ಲಿಗೆ ಹೋಗುವ ಮೊದಲೇ, ಕಾಡಿನ ಚಹಾ ಎಲೆಯನ್ನು ಬಳಸುತ್ತಿದ್ದರು. ಈ ಮಾತನ್ನು ನಾವು ಮರೆಯಬಾರದು.

ಆದರೆ ರಕ್ತಹೀನತೆಯಿರುವವರಿಗೆ ಹೊತ್ತು ಮುಖ್ಯ. ಚಹಾಕ್ಕೆ ಒಗರು ಕೊಡುವ ಪಾಲಿಫಿನಾಲ್‌ಗಳು ರಾಗಿ, ಸೊಪ್ಪು, ಬೇಳೆಗಳಲ್ಲಿರುವ ಕಬ್ಬಿಣಾಂಶವನ್ನು ಹೊಟ್ಟೆಯಲ್ಲಿಯೇ ಹಿಡಿದಿಟ್ಟು, ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಹಾಲು ಬೆರೆಸಿದರೂ ಈ ತೊಂದರೆ ತಪ್ಪದು. ಆದ್ದರಿಂದ ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆಯ ಅಂತರವಿರಲಿ, ಮಾತ್ರೆಯನ್ನು ಚಹಾದೊಂದಿಗೆ ಎಂದಿಗೂ ನುಂಗಬಾರದು. ಬಸ್ಸಾರಿಗೆ ನಿಂಬೆರಸ ಹಿಂಡಿಕೊಂಡರೆ ಅದರ ಸಿ ಜೀವಸತ್ವವು ಕಬ್ಬಿಣಾಂಶ ಹೀರಿಕೆಗೆ ನೆರವಾಗುತ್ತದೆ.

ಸಂಜೆಯ ಲೋಟವನ್ನು ಅವರಿಂದ ಕಿತ್ತುಕೊಳ್ಳಬೇಡಿ. ಚಹಾದಲ್ಲಿರುವ ಥಿಯಾನಿನ್ ಎಂಬ ಅಮೈನೋ ಆಮ್ಲ ಮತ್ತು ಕೆಫೀನ್ ಒಟ್ಟಾಗಿ ಮನಸ್ಸನ್ನು ಚುರುಕಾಗಿಡುತ್ತವೆ. ಸಕ್ಕರೆ ಕಡಿಮೆಯಿರಲಿ, ಹಬೆಯಾಡುವ ಚಹಾವನ್ನು ತುಸು ಆರಿಸಿ ಕುಡಿಯಲಿ: 65 ಡಿಗ್ರಿ ಸೆಲ್ಸಿಯಸ್ ಮೀರಿದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2016ರಲ್ಲಿ ಎಚ್ಚರಿಸಿದೆ.