ಜೀವಿಗಳೊಳಗಿನ ಲೋಹವನ್ನು ಅರಸುವ ಕ್ಷ-ಕಿರಣ

ಪ್ರಶ್ನೆ: ಬೆಂಗಳೂರಿನಲ್ಲಿ ರಸಾಯನಶಾಸ್ತ್ರದ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಜೀವಿಗಳಲ್ಲಿರುವ ಲೋಹಗಳನ್ನು ಕ್ಷ-ಕಿರಣಗಳಿಂದ ಅಧ್ಯಯನ ಮಾಡುವ ವಿಜ್ಞಾನಿಗಳ ಕೆಲಸ ಎಂಥದು? ಅದಕ್ಕೆ ಭೌತಶಾಸ್ತ್ರವನ್ನೇ ಓದಿರಬೇಕೇ?
– ಓರ್ವ ವಿದ್ಯಾರ್ಥಿನಿ, ಜಯನಗರ

ಉತ್ತರ: ಓದಿರಲೇಬೇಕೆಂದಿಲ್ಲ. ವಿಟಮಿನ್ ಬಿ12ರ ನಡುವೆ ಕೋಬಾಲ್ಟ್ ಪರಮಾಣು ನೆಲೆಸಿರುವ ಬಗೆಯನ್ನು 1950ರ ದಶಕದಲ್ಲಿ ಕ್ಷ-ಕಿರಣಗಳಿಂದ ಬಿಡಿಸಿ ತೋರಿಸಿ, 1964ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಡೊರೊಥಿ ಹಾಡ್ಜ್‌ಕಿನ್ ಓದಿದ್ದು ನಿಮ್ಮಂತೆ ರಸಾಯನಶಾಸ್ತ್ರವನ್ನೇ.

ಬಿ12ರ ರಚನೆಯನ್ನು ಅರಿಯಲು ಹರಳು ಬೇಕಾಗಿತ್ತು. ಇಂದು ಹರಳಿಲ್ಲದೆಯೂ ಬಹಳಷ್ಟನ್ನು ತಿಳಿಯಬಹುದು. ಕ್ಷ-ಕಿರಣವು ಪರಮಾಣುವಿನ ಒಳಕವಚದ ಎಲೆಕ್ಟ್ರಾನನ್ನು ಹೊರದಬ್ಬಿದಾಗ, ತೆರವಾದ ಜಾಗಕ್ಕೆ ಹೊರಕವಚದ ಎಲೆಕ್ಟ್ರಾನ್ ಇಳಿದು, ಆಯಾ ಧಾತುವಿಗೇ ವಿಶಿಷ್ಟವಾದ ಶಕ್ತಿಯ ಕಿರಣವೊಂದು ಹೊಮ್ಮುತ್ತದೆ. ಅದನ್ನು ಅಳೆದು ಅಂಗಾಂಶದ ತೆಳುಪದರದಲ್ಲಿ ಸತು ಎಲ್ಲಿದೆ, ತಾಮ್ರ ಎಲ್ಲಿದೆ ಎಂಬ ನಕ್ಷೆಯನ್ನೇ ಬರೆಯಬಹುದು. ನನಗೆ ಇದಕ್ಕಿಂತಲೂ ಸೊಗಸಾಗಿ ಕಾಣುವುದು ಹೀರಿಕೆಯ ವಿಧಾನ. ಕಿರಣದ ಶಕ್ತಿ ಸುಮಾರು 7.1 ಕಿಲೋ ಎಲೆಕ್ಟ್ರಾನ್‌ವೋಲ್ಟ್ ತಲಪುತ್ತಿದ್ದಂತೆ ಕಬ್ಬಿಣವು ಅದನ್ನು ಒಮ್ಮೆಲೇ ಹೆಚ್ಚಾಗಿ ಹೀರತೊಡಗುತ್ತದೆ. ಹೀರಿಕೆ ಹೀಗೆ ಜಿಗಿಯುವ ಶಕ್ತಿಮಟ್ಟವೇ ‘ಅಂಚು’. ಆ ಅಂಚು ತುಸು ಸರಿದಿದ್ದರೆ ಕಬ್ಬಿಣದ ಉತ್ಕರ್ಷಣ ಸ್ಥಿತಿ (ಅದು ಎಷ್ಟು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟಿದೆ ಎಂಬುದು) ಬೇರೆಯಾಗಿದೆಯೆಂದೂ, ಅಂಚಿನಾಚೆಯ ಸಣ್ಣ ಏರಿಳಿತಗಳಿಂದ ನೆರೆಯ ಪರಮಾಣುಗಳು ಎಷ್ಟು ದೂರದಲ್ಲಿವೆಯೆಂದೂ ತಿಳಿಯುತ್ತದೆ.

ಆದರೆ ನೋಡಲು ಬಳಸುವ ಕಿರಣವೇ ನೋಡಬೇಕಾದದ್ದನ್ನು ಕೆಡಿಸಬಲ್ಲದು. ಎಲೆಗಳಲ್ಲಿ ನೀರನ್ನು ಒಡೆದು ಆಮ್ಲಜನಕ ಬಿಡುಗಡೆ ಮಾಡುವ ಕೇಂದ್ರದಲ್ಲಿ 4 ಮ್ಯಾಂಗನೀಸ್ ಪರಮಾಣುಗಳೂ 1 ಕ್ಯಾಲ್ಸಿಯಂ ಪರಮಾಣುವೂ ಇವೆ. ಕ್ಷ-ಕಿರಣ ಹೆಚ್ಚಾಗಿ ಬಿದ್ದರೆ ಆ ಮ್ಯಾಂಗನೀಸ್ ಅಪಕರ್ಷಣಗೊಂಡು, ಎಂದರೆ ಎಲೆಕ್ಟ್ರಾನುಗಳನ್ನು ಪಡೆದುಕೊಂಡು, ಸುತ್ತಲಿನ ರಚನೆಯೇ ಬದಲಾಗುತ್ತದೆ. ಆದ್ದರಿಂದ ಮಾದರಿಯನ್ನು ಅತಿಶೀತದಲ್ಲಿಟ್ಟು, ಕಿರಣದ ಪ್ರಮಾಣವನ್ನು ಮಿತಗೊಳಿಸಿ, ಅಂಚು ಸರಿಯುತ್ತಿಲ್ಲವೆಂದು ಮತ್ತೆ ಮತ್ತೆ ಪರೀಕ್ಷಿಸಬೇಕಾಗುತ್ತದೆ. ಈ ವೃತ್ತಿಯ ನಿಜವಾದ ಹೊಣೆ ಇರುವುದು ಇಲ್ಲಿಯೇ. ಪ್ರೊಟೀನನ್ನು ಶುದ್ಧಗೊಳಿಸುವಾಗ ಹೊರಗಿನ ಲೋಹ ಒಂದಿಷ್ಟೂ ಬೆರೆಯದಂತೆ ಕಾಯುವುದೂ ಈ ಹೊಣೆಗೆ ಸೇರಿದ್ದು, ಮತ್ತು ಅದು ರಸಾಯನಶಾಸ್ತ್ರಜ್ಞರ ಕೈಯ ಕೆಲಸ.

ಪ್ರಖರ ಕಿರಣಗಳಿಗೆ ಸಿಂಕ್ರೊಟ್ರಾನ್, ಅಂದರೆ ಎಲೆಕ್ಟ್ರಾನುಗಳನ್ನು ಅತಿವೇಗದಲ್ಲಿ ವರ್ತುಲಾಕಾರವಾಗಿ ಓಡಿಸಿ ಕ್ಷ-ಕಿರಣ ಹೊಮ್ಮಿಸುವ ದೊಡ್ಡ ಯಂತ್ರ, ಬೇಕು. ನಮ್ಮ ದೇಶದಲ್ಲಿ ಇಂದೋರಿನ ಇಂಡಸ್-2 ಇದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಪೆಟ್ರಾ-3ನ್ನು ಭಾರತೀಯ ಸಂಶೋಧಕರು ಬಳಸುವ ಏರ್ಪಾಟನ್ನು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೇ ನೋಡಿಕೊಂಡು ಬಂದಿದೆ. ಪ್ರಸ್ತಾವ ಬರೆದು ಒಪ್ಪಿಗೆ ಪಡೆದವರಿಗೆ ಯಂತ್ರ ಸಿಗುವುದು ಕೆಲವೇ ದಿನ; ಅದರ ಹಿಂದುಮುಂದಿನ ತಿಂಗಳುಗಳೆಲ್ಲ ಮಾದರಿಯ ತಯಾರಿಗೆ, ಲೆಕ್ಕಾಚಾರಕ್ಕೆ.

ನೀವು ಜ್ಯಾಮ್ (ವಿಜ್ಞಾನದ ಸ್ನಾತಕೋತ್ತರ ವ್ಯಾಸಂಗಕ್ಕಾಗಿ ನಡೆಯುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ) ಬರೆದು ಎಂ.ಎಸ್ಸಿ. ಅಥವಾ ಭಾರತೀಯ ವಿಜ್ಞಾನ ಸಂಸ್ಥೆಯ ಸಂಯೋಜಿತ ಪಿಎಚ್.ಡಿ.ಗೆ ಪ್ರಯತ್ನಿಸಿ. ಮಾರ್ಗದರ್ಶಕರನ್ನು ಆರಿಸುವಾಗ ಅವರ ಬಳಿ ಯಾವ ಉಪಕರಣವಿದೆ ಎಂಬುದಕ್ಕಿಂತ, ಯಾವ ಲೋಹದ ಯಾವ ಪ್ರಶ್ನೆಯ ಬೆನ್ನು ಹತ್ತಿದ್ದಾರೆ ಎಂಬುದನ್ನು ಮೊದಲು ವಿಚಾರಿಸಿ.