ತೊಗರಿ ಒಣಗುತ್ತಿದ್ದರೆ ಮೊದಲು ಕಾಂಡ ಸೀಳಿ ನೋಡಿ

ಅಣ್ಣಾ, ಎರೆ ಹೊಲದ ತೊಗರಿ ಹೂವಿಗೆ ಬಂದ ಹೊತ್ತಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಒಣಗುತ್ತಿದೆ, ಯಾವ ಔಷಧ ಹೊಡೆಯಲಿ ಎಂದು ಕೇಳಿದ್ದೀರಿ. ಅಂಗಡಿಗೆ ಹೋಗಬೇಡಿ, ಮೊದಲು ಹೊಲಕ್ಕೆ ಹೋಗಿ. ಈಗಷ್ಟೇ ಬಾಡತೊಡಗಿದ ಗಿಡವೊಂದನ್ನು ಬೇರು ಸಮೇತ ಕೀಳಿ. ಪೂರ್ತಿ ಒಣಗಿದ್ದು ಬೇಡ, ಅದರಲ್ಲಿ ಏನೂ ತಿಳಿಯದು. ಬುಡದಿಂದ ಮೇಲಕ್ಕೆ ನೇರಳೆ-ಕಂದು ಪಟ್ಟಿ ಏರಿದೆಯೇ ನೋಡಿ, ಅಲ್ಲೇ ಕಾಂಡವನ್ನು ಕುಡುಗೋಲಿನಿಂದ ಉದ್ದಕ್ಕೆ ಸೀಳಿ. ಒಳಗೆ ಕಪ್ಪು-ಕಂದು ಗೆರೆ ಕಂಡರೆ ನೆಟೆ ರೋಗವೇ. ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಏರುವ ನಾಳ ಕಟ್ಟಿಬಿಡುತ್ತದೆ. ನೆಲದಲ್ಲಿ ಹಸಿ ಇದ್ದರೂ ಗಿಡ ಬಾಡುವುದು, ಕೆಲವು ಸಲ ಒಂದೇ ಮಗ್ಗುಲಿನ ಟೊಂಗೆ ಒಣಗುವುದು ಅದಕ್ಕೇ.

ಬೇರು ಚೆನ್ನಾಗಿದ್ದು, ನೆಲದಿಂದ ಸ್ವಲ್ಪ ಮೇಲೆ ಕಾಂಡದಲ್ಲಿ ಕಂದು ತಗ್ಗು ಕಲೆ ಇದ್ದರೆ ಅದು ನೆಟೆಯಲ್ಲ, ಫೈಟೋಫ್ತೊರಾ ಎಂಬ ಬೇರೆ ರೋಗ. ನೀರು ನಿಂತ ಕಡೆ ಬರುತ್ತದೆ, ಬಸಿಗಾಲುವೆ ತೆಗೆಯಿರಿ.

ನೆಟೆಯಾದರೆ ಎಲೆಗೆ ಹೊಡೆದ ಔಷಧ ಬೇರಿಗೆ ಇಳಿಯುವುದಿಲ್ಲ, ದುಡ್ಡು ದಂಡ. ರೋಗದ ಗಿಡ ಕಿತ್ತು ಸುಡಿ, ಬದುವಿಗೆ ಎಸೆಯಬೇಡಿ. ಕೂಳೆಯಲ್ಲಿ ಈ ಶಿಲೀಂಧ್ರ 2-3 ವರ್ಷ ಬದುಕಿರುತ್ತದೆ. ಬರುವ ವರ್ಷ ಆ ಹೊಲಕ್ಕೆ ಜೋಳ ಹಾಕಿ, ತೊಗರಿ ಬೇಡ.

ಮತ್ತೆ ತೊಗರಿ ಹಾಕುವಾಗ ತಳಿಯೇ ಮುಖ್ಯ. ಹೈದರಾಬಾದ್ ಹತ್ತಿರದ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೇಕೆಂದೇ ಹೊಲದಲ್ಲಿ ನೆಟೆ ರೋಗ ಬೆಳೆಸಿ, ಅಲ್ಲಿ ಬಿತ್ತಿದ್ದರಲ್ಲಿ ಸಾಯದೆ ಉಳಿದದ್ದನ್ನು ಆರಿಸುತ್ತಾ ಬಂದರು. 1980ರ ದಶಕದಲ್ಲಿ ಬಂದ ಮಾರುತಿ (ಐಸಿಪಿ 8863) ಹಾಗೆ ಸಿಕ್ಕ ತಳಿ. ಸಣ್ಣ ಹಿಡುವಳಿದಾರನಿಗೆ ಇದಕ್ಕಿಂತ ಅಗ್ಗದ ಔಷಧ ಇಲ್ಲ, ಬೀಜದ ಜೊತೆಗೇ ಬರುತ್ತದೆ. ಆದರೆ ಗಿಡ ಹೂ-ಕಾಯಿ ಬಿಡದೆ ಗೊಡ್ಡಾಗಿ ನಿಲ್ಲುವ ಗೊಡ್ಡು ರೋಗವನ್ನು ಮಾರುತಿ ತಡೆಯದು. ಗೊಡ್ಡು ರೋಗವೂ ಇರುವ ಊರಾದರೆ ಆಶಾ ಅಥವಾ ಬಿಎಸ್‌ಎಂಆರ್-736 ತಳಿ ನೋಡಿ, ಎರಡೂ ರೋಗ ತಡೆಯುತ್ತವೆ. ಅವು ಕೊಯ್ಲಿಗೆ ತಡ, ತೆಳು ಮಣ್ಣಲ್ಲಿ ಕಾಳು ಕಟ್ಟುವಾಗ ಹಸಿ ಸಾಲದೆ ಜೊಳ್ಳಾಗುತ್ತವೆ. ಅಂಥ ಹೊಲಕ್ಕೆ ಬೇಗ ಬರುವ ಟಿಎಸ್-3ಆರ್ ಮೇಲು.

ಬಿತ್ತುವ ಮುನ್ನ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ) ಹಚ್ಚಿ ನೆರಳಲ್ಲಿ ಆರಿಸಿ. ಅದರ ಜೊತೆ ಶಿಲೀಂಧ್ರ ಕೊಲ್ಲುವ ಔಷಧ ಕಾರ್ಬೆಂಡಜಿಂ ಬೆರೆಸಬೇಡಿ, ಟ್ರೈಕೋಡರ್ಮಾ ಸತ್ತೇಹೋಗುತ್ತದೆ. ಎಕರೆಗೆ 2 ಕಿಲೋ ಟ್ರೈಕೋಡರ್ಮಾವನ್ನು 100 ಕಿಲೋ ಕೊಳೆತ ತಿಪ್ಪೆ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ಗೋಣಿಚೀಲ ಹೊದಿಸಿ 15 ದಿನ ನೆರಳಲ್ಲಿಡಿ. ಬಿತ್ತನೆಗೆ ಮುಂಚೆ ಮಣ್ಣಲ್ಲಿ ಹಸಿ ಇರುವಾಗ ಎರಚಿ, ಒಣ ನೆಲಕ್ಕೆ ಎರಚಿದರೆ ಹಿಡಿಯದು.

ಸೀಳಿದ ಕಾಂಡದ ಫೋಟೋ ಇಲ್ಲಿ ಹಾಕಿ. ಈಗ ಹಾಕಿರುವ ತಳಿ ಯಾವುದು, ಹೋದ ವರ್ಷ ಏನು ಬಿತ್ತಿದ್ದಿರಿ ಅದನ್ನೂ ಬರೆಯಿರಿ.