ನೀರಿನ ಬಿಲ್ಲು ಏಕೆ ಏರಿತು?

ಪ್ರಶ್ನೆ: ಮನೆಯಲ್ಲಿ ಇಬ್ಬರೇ ಇದ್ದೇವೆ. ಎರಡು ತಿಂಗಳಿಂದ ನೀರಿನ ಬಿಲ್ಲು ದುಪ್ಪಟ್ಟು ಬರುತ್ತಿದೆ. ಗೋಡೆ ಎಲ್ಲೂ ಒದ್ದೆಯಿಲ್ಲ. ಮೀಟರ್ ಕೆಟ್ಟಿರಬಹುದೇ?
– ಓದುಗರು, ವಿಜಯನಗರ, ಮೈಸೂರು

ಉತ್ತರ: ಮೀಟರ್ ಬದಲಿಸಲು ದುಡ್ಡು ಸುರಿಯುವ ಮೊದಲು ಸೋರಿಕೆ ಹುಡುಕಿ. ನಲ್ಲಿ ನೀರು ಬರುವ ಹೊತ್ತಿನಲ್ಲಿ ಸಂಪಿನ ವಾಲ್ವ್ ಪೂರ್ತಿ ಮುಚ್ಚಿ ಮೀಟರ್ ನೋಡಿ. ಆಗಲೂ ಒಳಗಿನ ಪುಟ್ಟ ಚಕ್ರ ತಿರುಗುತ್ತಿದ್ದರೆ, ಮೀಟರಿಗೂ ಸಂಪಿಗೂ ನಡುವಿನ ಪೈಪು ಒಡೆದಿರುವ ಸಾಧ್ಯತೆಯೇ ಹೆಚ್ಚು.

ತಿರುಗದಿದ್ದರೆ ಸಂಪಿನ ಮುಚ್ಚಳ ತೆಗೆಯಿರಿ. ಫ್ಲೋಟ್ ವಾಲ್ವಿನ ವಾಷರ್ ಸವೆದರೆ ಸಂಪು ತುಂಬಿದ ಮೇಲೂ ನೀರು ನಿಲ್ಲದೆ, ಓವರ್‌ಫ್ಲೋ ಪೈಪಿನಿಂದ ಸದ್ದಿಲ್ಲದೆ ಚರಂಡಿ ಸೇರುತ್ತದೆ. ಗೋಡೆ ಒಣಗಿಯೇ ಇರುವುದು ಇದಕ್ಕೇ.

ರಾತ್ರಿ ವಾಲ್ವ್ ಮುಚ್ಚಿ, ಮೋಟಾರ್ ಹಾಕದೆ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಒಂದು ಇಂಚು ಇಳಿದಿದ್ದರೂ ಸಂಪು ಬಿರುಕು ಬಿಟ್ಟಿದೆಯೆಂದೇ ತಿಳಿಯಿರಿ: ಆರಡಿ ಉದ್ದ, ಆರಡಿ ಅಗಲದ ಸಂಪಿನಲ್ಲಿ ಒಂದು ಇಂಚೆಂದರೆ 85 ಲೀಟರ್!

ಫ್ಲಶ್ ಟ್ಯಾಂಕನ್ನೂ ಬಿಡಬೇಡಿ. ಅದಕ್ಕೆ ನಾಲ್ಕು ಹನಿ ಶಾಯಿ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಟ್ಯಾಂಕಿನ ತಳದ ರಬ್ಬರ್ ಬದಲಿಸಿ. ಇಷ್ಟಾದರೂ ಸೋರಿಕೆ ಸಿಗದಿದ್ದರೆ, ಮೀಟರ್ ಪರೀಕ್ಷೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.